ನೆಟ್ಟವರು, ನೀರೆರೆದವರು

ದಾರಿಬದಿಯ ಗಿಡಕ್ಕೆ ಸರ್ಕಾರದ ದುಡ್ಡು ತಂದು ನೀರು ಹಾಕಿಸಿದರೆ ಅದರ ಪುಣ್ಯ ಯಾರ ಲೆಕ್ಕಕ್ಕೆ ಸೇರುತ್ತದೆ? ತೆರಿಗೆ ಕಟ್ಟಿದವರಿಗೋ, ಕಡತಕ್ಕೆ ಸಹಿ ಹಾಕಿದ ಅಧಿಕಾರಿಗೋ, ಕಚೇರಿಯಿಂದ ಕಚೇರಿಗೆ ಅಲೆದು ಕೇಳಿ ತಂದವರಿಗೋ, ಬಿಂದಿಗೆ ಹೊತ್ತ ಕೂಲಿಯವಳಿಗೋ? ಆವಣಿಯಲ್ಲಿ ನಾವು ಕೆಲವರು ಸೇರಿ ಅನುದಾನದ ಅರ್ಜಿ ಬರೆಯುತ್ತಿದ್ದಾಗ ಎಂಬತ್ತು ದಾಟಿದ ಅಜ್ಜಿಯೊಬ್ಬರು ಇದನ್ನೇ ತಮ್ಮ ಮಾತಿನಲ್ಲಿ ಕೇಳಿದರು. "ನಮ್ಮತ್ತೆ ಬ್ಯಾಸಿಗೇಲಿ ಅರವಟ್ಟಿಗೆ ಇಡೋರು. ಮನೆ ಮಡಕೆ, ಮನೆ ಬಾವಿ ನೀರು. ಒಬ್ಬರನ್ನೂ ಕಾಸು ಕೇಳಿದ್ದಿಲ್ಲ. ನೀವು ಊರೂರು ತಿರುಗಿ ದುಡ್ಡು ಕೇಳ್ತೀರ. ಇಸ್ಕೊಂಡು ಬಂದು ಮಾಡಿದ್ದು ಧರ್ಮ ಹೆಂಗಾಗ್ತದಪ್ಪಾ?"

ಪ್ರಶ್ನೆ ಅಲ್ಲಿ ಕೂತಿದ್ದ ಎಲ್ಲರಿಗೂ ನಾಟಿತು. ಅದಕ್ಕೆ ನನ್ನ ಉತ್ತರ ಈ ಬರಹ.

ನಾನು ತಾಲ್ಲೂಕು ಕಚೇರಿಯಲ್ಲಿ ಮುಜರಾಯಿ ವಿಷಯ ನಿರ್ವಾಹಕನಾಗಿದ್ದು ನಿವೃತ್ತನಾದವನು. ಅರ್ಚಕರ ತಸ್ತೀಕಿನ ಬಿಲ್ಲು, ಉತ್ಸವದ ಖರ್ಚಿನ ಮಂಜೂರಾತಿ, ಹಳೆಯ ಇನಾಂ ರಿಜಿಸ್ಟರಿನ ನಕಲು, ಇವುಗಳ ನಡುವೆಯೇ ನನ್ನ ಸರ್ವೀಸು ಕಳೆಯಿತು. ಈಗ ನಾವು ಕೆಲವರು ಒಂದು ದಾರಿಯ ಹಿಂದೆ ಬಿದ್ದಿದ್ದೇವೆ. ಒಬ್ಬರು ಹೈಸ್ಕೂಲಿನ ಮೇಷ್ಟ್ರಾಗಿದ್ದವರು, ಒಬ್ಬರು ಶ್ರೀನಿವಾಸಪುರದ ಕಡೆ ಮಾವಿನ ತೋಪಿರುವ ರೈತರು, ಇಬ್ಬರು ಮಹಿಳಾ ಸಂಘದವರು. ಕೋಲಾರದ ಅಂತರಗಂಗೆಯ ತಪ್ಪಲಿನಿಂದ ಹೊರಟು, ಹೆದ್ದಾರಿಯನ್ನು ಆದಷ್ಟೂ ಬಿಟ್ಟು, ಆವಣಿ, ಮುಳಬಾಗಿಲು, ಕುರುಡುಮಲೆಗಳನ್ನು ಹಾದು ಶ್ರೀನಿವಾಸಪುರದ ತೋಪುಗಳ ನಡುವೆ ಮುಗಿಯುವ ದಾರಿ ಅದು. ಹೊಸ ರಸ್ತೆಯೇನೂ ಬೇಡ, ಇರುವ ಊರ ರಸ್ತೆಗಳೇ ಸಾಕು. ಬೇಕಾದದ್ದು ಸಾಲುಮರ, ಅಲ್ಲಲ್ಲಿ ಕೂರಲು ಕಟ್ಟೆ, ಕುಡಿಯುವ ನೀರು, ಹೆಂಗಸರಿಗೆ ಒಂದು ಮರೆ, ದಾರಿ ತೋರುವ ಕಲ್ಲು. ಮಾಲೂರಿನ ಗೆಳೆಯರು ಚಿಕ್ಕತಿರುಪತಿ, ಮಾಸ್ತಿ, ಟೇಕಲ್ಲಿನ ದಾರಿಯನ್ನೂ ಸೇರಿಸಿಕೊಳ್ಳಿ ಎನ್ನುತ್ತಾರೆ. ಅವರ ಮಾತು ಸರಿ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಹುಟ್ಟಿದ ಸೀಮೆಯನ್ನು ಬಿಟ್ಟು ಈ ಜಿಲ್ಲೆಯ ದಾರಿ ಪೂರ್ತಿಯಾಗುವುದಿಲ್ಲ.

ಈ ದಾರಿಯನ್ನು ಚೆಂದ ಎಂದರೆ ಹೊರಗಿನವರು ನಂಬುವುದಿಲ್ಲ. ಕೋಲಾರ ಎಂದರೆ ಅವರಿಗೆ ಬರ, ಟೊಮೆಟೊ ಮಾರುಕಟ್ಟೆ, ಮುಚ್ಚಿದ ಚಿನ್ನದ ಗಣಿ. ಜನವರಿ ಕೊನೆಯಲ್ಲಿ ಶ್ರೀನಿವಾಸಪುರದ ಕಡೆ ಬಂದು ನೋಡಬೇಕು. ಮಾವು ಹೂ ಬಿಟ್ಟಿರುತ್ತದೆ, ಬೆಳಗಿನ ಮಂಜಿನಲ್ಲಿ ಆ ವಾಸನೆ ಕಿಲೋಮೀಟರುಗಟ್ಟಲೆ ಜೊತೆಗೇ ಬರುತ್ತದೆ. ಶತಶೃಂಗದ ಬಂಡೆಗಳು ಒಂದರ ಮೇಲೊಂದು ಕೂತ ರೀತಿ, ಬೇಸಿಗೆಯಲ್ಲೂ ಅಂತರಗಂಗೆಯ ಕಲ್ಲು ಬಸವನ ಬಾಯಿಂದ ಬೀಳುವ ನೀರು, ಕುರುಡುಮಲೆಯಲ್ಲಿ ಒಂದೇ ಕಲ್ಲಿನಲ್ಲಿ ಎದ್ದು ಕೂತ ಗಣಪ, ಶಿವರಾತ್ರಿಯ ಹೊತ್ತಿಗೆ ಆವಣಿಯ ದನಗಳ ಜಾತ್ರೆಗೆ ಬಂದು ನಿಲ್ಲುವ ಹಳ್ಳಿಕಾರ್ ಎತ್ತಿನ ಜೋಡಿಗಳು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ನೀರಿನ ಗುಣದ ಬಗ್ಗೆ ನಡೆಯುತ್ತಿರುವ ವಾದ ನಿಂತಿಲ್ಲ, ನಿಲ್ಲಲೂಬಾರದು. ಆದರೂ ವರ್ಷಗಟ್ಟಲೆ ಜಾಲಿ ಬೆಳೆದು ನಿಂತಿದ್ದ ಕೆರೆಯಂಗಳದಲ್ಲಿ ಕೊಕ್ಕರೆ ಇಳಿದದ್ದನ್ನು ನಾವು ಕಂಡಿದ್ದೇವೆ.

ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಶಾಸ್ತ್ರ ಬಲ್ಲವರು ಧರ್ಮಕಾರ್ಯಗಳನ್ನು ಇಷ್ಟ, ಪೂರ್ತ ಎಂದು ಎರಡಾಗಿ ಹೇಳುತ್ತಾರೆ. ಯಜ್ಞ ಯಾಗಾದಿಗಳು ಇಷ್ಟ. ಕೆರೆ, ಬಾವಿ, ತೋಪು, ದೇಗುಲ, ಅನ್ನದಾನ ಇವೆಲ್ಲ ಪೂರ್ತ. ಇಷ್ಟಕ್ಕೆ ಅಧಿಕಾರ, ಮಂತ್ರ, ಪುರೋಹಿತರು ಬೇಕು. ಪೂರ್ತಕ್ಕೆ ಯಾರ ಅಪ್ಪಣೆಯೂ ಬೇಡ. ಹಾಗಾಗಿಯೇ ಈ ಸೀಮೆಯ ದಾರಿಗಳಲ್ಲಿ ರಾಜರು ಮಾಡಿಸಿದ್ದಕ್ಕಿಂತ ಹೆಸರಿಲ್ಲದವರು ಮಾಡಿಸಿದ್ದೇ ಹೆಚ್ಚು ಕಾಣುತ್ತದೆ. ಎರಡು ಕಂಬದ ಮೇಲೆ ಒಂದು ಚಪ್ಪಡಿ ಅಡ್ಡ ಇಟ್ಟ ಹೊರೆಗಲ್ಲು ಅಂಥದ್ದು. ತಲೆಹೊರೆ ಹೊತ್ತವಳು ಒಬ್ಬಳೇ ಬರುತ್ತಿದ್ದರೂ, ಇಳಿಸಲು ಎತ್ತಲು ಇನ್ನೊಬ್ಬರನ್ನು ಕರೆಯದೆ ಹೊರೆಯನ್ನು ಅದರ ಮೇಲೆ ಸರಿಸಿ ಉಸಿರು ಬಿಡಬಹುದು. ಇದನ್ನು ನೆಡಿಸಿದವರು ಯಾರೆಂದು ಯಾವ ಊರಲ್ಲೂ ಹೇಳುವವರಿಲ್ಲ. ಅಶೋಕ ತನ್ನ ಸ್ತಂಭ ಶಾಸನದಲ್ಲಿ, ದಾರಿಗಳಲ್ಲಿ ಆಲ ನೆಡಿಸಿದೆ, ಮಾವಿನ ತೋಪು ಹಾಕಿಸಿದೆ, ಬಾವಿ ತೋಡಿಸಿದೆ, ಜನಕ್ಕೂ ಪಶುಗಳಿಗೂ ಸುಖವಾಗಲಿ ಎಂದು ಹೇಳಿಕೊಳ್ಳುತ್ತಾನೆ. ಈ ಸುಖ ಅಲ್ಪವಾದದ್ದು, ಹಿಂದಿನ ಅರಸರೂ ಇದನ್ನು ಮಾಡಿದ್ದಾರೆ, ಜನ ಧರ್ಮದಲ್ಲಿ ನಡೆಯಲಿ ಎಂದೇ ನಾನು ಮಾಡಿದೆ ಎಂದೂ ಸೇರಿಸುತ್ತಾನೆ. ನೆರಳಿಗಿಂತ ನೆರಳು ಕೊಡುವ ಮನಸ್ಸು ದೊಡ್ಡದು ಎಂಬ ತಿಳಿವು ಅಷ್ಟು ಹಳೆಯದು.

ನಮ್ಮ ದಾರಿ ತಿರುಪತಿಯ ದಾರಿಯೂ ಹೌದು. ಶ್ರೀನಿವಾಸಪುರಕ್ಕೆ ಮೊದಲಿದ್ದ ಹೆಸರು ಪಾಪನಪಲ್ಲಿ. ತಿರುಪತಿ ಯಾತ್ರೆಯಿಂದ ಮರಳುವಾಗ ದಿವಾನ್ ಪೂರ್ಣಯ್ಯನವರು ಅದಕ್ಕೆ ತಮ್ಮ ಮಗನ ಹೆಸರಿಟ್ಟರೆಂದು ಗೆಜೆಟಿಯರ್ ಹೇಳುತ್ತದೆ. ಕಾಲ್ನಡಿಗೆಯ ಯಾತ್ರಿಕರು ಮುಳಬಾಗಿಲಿನ ಆಂಜನೇಯನಿಗೆ ಕೈಮುಗಿದು, ಶ್ರೀಪಾದರಾಜರ ವೃಂದಾವನವಿರುವ ನರಸಿಂಹತೀರ್ಥದಲ್ಲಿ ಮಿಂದು ಮುಂದೆ ಹೋಗುತ್ತಿದ್ದರು. ಅದೇ ಊರಿನ ಹೈದರ್ ವಲಿ ದರ್ಗಾಕ್ಕೆ ಉರುಸಿನ ದಿನ ಬರುವವರೂ ಇದೇ ದಾರಿಯ ಧೂಳು ತುಳಿದವರು. ಮುಸ್ಲಿಮರಲ್ಲಿ ಸದಖಾ ಜಾರಿಯಾ ಎಂಬ ಭಾವನೆಯಿದೆ. ಬಾವಿ ತೋಡಿಸಿದವನು, ಮರ ನೆಟ್ಟವನು ತೀರಿಕೊಂಡ ಮೇಲೂ ಆ ನೀರು, ಆ ಹಣ್ಣು ಜೀವಿಗಳಿಗೆ ಸಿಗುವಷ್ಟು ಕಾಲ ಅವನಿಗೆ ಪುಣ್ಯ ಹರಿದು ಬರುತ್ತಲೇ ಇರುತ್ತದೆ. ಪೂರ್ತಕ್ಕೂ ಇದಕ್ಕೂ ನಡುವೆ ನನಗೆ ಗೋಡೆ ಕಾಣುವುದಿಲ್ಲ.

ದಾರಿಯ ದಾನಕ್ಕೆ ಇನ್ನೊಂದು ವಿಶೇಷವಿದೆ. ಗೀತೆಯ ಹದಿನೇಳನೆಯ ಅಧ್ಯಾಯ ದಾನವನ್ನು ಮೂರು ಬಗೆಯಾಗಿ ವಿಂಗಡಿಸುವಾಗ, ತಿರುಗಿ ಉಪಕಾರ ಮಾಡಲಾರದವನಿಗೆ, ಕೊಡಬೇಕಾದದ್ದೆಂಬ ಭಾವದಿಂದ ಕೊಟ್ಟದ್ದನ್ನು ಸಾತ್ವಿಕ ಎನ್ನುತ್ತದೆ. ಪ್ರತಿಫಲ ನೋಡಿ ಕೊಟ್ಟದ್ದು ರಾಜಸ. ದಾರಿಹೋಕನಷ್ಟು ಪೂರ್ಣವಾಗಿ ತಿರುಗಿ ಕೊಡಲಾರದವನು ಬೇರೆ ಯಾರಿದ್ದಾನೆ? ನೆಂಟ ನಾಳೆ ತನ್ನ ಮನೆಗೆ ಕರೆದಾನು. ಊರಿನವನು ಸುಗ್ಗಿಯಲ್ಲಿ ಒಂದಾಳು ಬಂದಾನು. ದಾರಿಹೋಕ ನೆರಳಲ್ಲಿ ಕೂತು, ನೀರು ಕುಡಿದು, ಎದ್ದು ಹೋಗುತ್ತಾನೆ. ಅವನ ಜಾತಿ ಊರು ಯಾವುದೂ ನಮಗೆ ತಿಳಿಯುವುದಿಲ್ಲ, ನಮ್ಮ ಹೆಸರು ಅವನಿಗೆ ತಿಳಿಯುವುದಿಲ್ಲ.

ಅನುದಾನದ ನಮೂನೆಯಲ್ಲಿ ಇದಕ್ಕೆ ಜಾಗವಿಲ್ಲ. ವಾರ್ಷಿಕ ಪ್ರವಾಸಿಗರ ನಿರೀಕ್ಷಿತ ಸಂಖ್ಯೆ, ಸೃಷ್ಟಿಯಾಗುವ ಉದ್ಯೋಗ, ಸ್ಥಳೀಯ ಆದಾಯದ ಹೆಚ್ಚಳ, ಇವನ್ನು ತುಂಬಬೇಕು. ಕಟ್ಟೆಯ ಮೇಲೆ ಕೂತು ಹೋಗುವ ಮುದುಕನನ್ನು ಯಾವ ಕಲಮಿನಲ್ಲಿ ಬರೆಯುವುದು? ಕೈಗಾರಿಕಾ ಪ್ರದೇಶದ ಒಂದು ಕಂಪನಿಯವರ ಬಳಿ ಹೋದಾಗ ಅಲ್ಲಿನ ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿಸಿ, ಎಲ್ಲ ಕೇಳಿ, ಕೊನೆಗೆ ನಮ್ಮ ಬೋರ್ಡು ಎಲ್ಲೆಲ್ಲಿ ಬರುತ್ತದೆ ಎಂದರು. ಅವರನ್ನು ದೂರಲಾರೆ, ಅವರ ಮೇಲಿನವರು ಅದನ್ನೇ ಕೇಳುತ್ತಾರೆ. ಆದರೂ ದಾನವೊಂದು ರಾಜಸದ ಕಡೆಗೆ ಜಾರುವುದು ಇಂಥ ಸಣ್ಣ ಪ್ರಶ್ನೆಯಿಂದಲೇ. ದಾರಿಯನ್ನು ಬಂದು ಹೋಗುವವರ ಖರ್ಚಿನಿಂದ ಅಳೆಯತೊಡಗಿದರೆ, ಖರ್ಚು ಮಾಡಲಾರದವನು ಕೂರುವ ಕಟ್ಟೆ ಮೊದಲು ಹೋಗುತ್ತದೆ, ಆ ಜಾಗಕ್ಕೆ ಕಾಫಿ ಅಂಗಡಿ ಬರುತ್ತದೆ. ಹೆದ್ದಾರಿಯಲ್ಲಿ ಇದನ್ನು ಎಲ್ಲರೂ ನೋಡಿದ್ದೇವೆ.

ಹಾಗಾದರೆ ಕೇಳಲೇಬಾರದೇ? ಕೇಳಬೇಕು. ಯಾವ ದುಡ್ಡನ್ನು ಯಾವ ಭಾವದಿಂದ ಕೇಳುತ್ತೇವೆ ಎಂಬುದು ಮಾತ್ರ ಸ್ಪಷ್ಟವಿರಬೇಕು. ನಮಗೆ ಬರಬಹುದಾದ ಹಣದಲ್ಲಿ ಬಹುಪಾಲು ದಾನವೇ ಅಲ್ಲ, ಋಣದ ಮರುಪಾವತಿ. ಕೇಂದ್ರ ಸರ್ಕಾರದ 2015ರ ಹಸಿರು ಹೆದ್ದಾರಿ ನೀತಿ, ಹೆದ್ದಾರಿ ಯೋಜನೆಯ ವೆಚ್ಚದಲ್ಲಿ ಶೇ. 1ರಷ್ಟನ್ನು ಗಿಡ ನೆಡಲು, ಬೆಳೆಸಲು ಎತ್ತಿಡಬೇಕೆನ್ನುತ್ತದೆ. ನಮ್ಮ ಹೆದ್ದಾರಿ ಅಗಲವಾದಾಗ ಎರಡೂ ಬದಿಯ ಹುಣಸೆ, ಹೊಂಗೆ, ಆಲಗಳು ಉರುಳಿದವು. ಅಶ್ವತ್ಥಕಟ್ಟೆಯ ಮುಂದೆ ಜನ ಅಡ್ಡ ನಿಂತರು, ಸಾಲಿನ ಮರಕ್ಕೆ ಯಾರೂ ನಿಲ್ಲಲಿಲ್ಲ. ಆ ಮರಗಳ ಬಾಬ್ತು ಕೇಳುವುದು ಭಿಕ್ಷೆಯಲ್ಲ. 2015ರಲ್ಲೇ ಖನಿಜ ಕಾಯ್ದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಕಲ್ಲು, ಅದಿರು ತೆಗೆದವರು ಕಟ್ಟುವ ಹಣದಲ್ಲಿ ಒಂದು ಪಾಲು ಅಲ್ಲಿಯ ಜನಕ್ಕೇ ಬರಬೇಕು. ಟೇಕಲ್ಲಿನ ಸುತ್ತ ಕಲ್ಲು ಒಡೆದ ಗುಡ್ಡಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ನಮ್ಮ ಮೇಷ್ಟ್ರು ಒಂದು ತಕರಾರು ಎತ್ತಿದರು. ಗುಡ್ಡ ಒಡೆದ ದುಡ್ಡಿನಲ್ಲಿ ಗಿಡ ನೆಟ್ಟರೆ ಗುಡ್ಡ ಒಡೆಯುವುದಕ್ಕೆ ನಾವೇ ಒಪ್ಪಿಗೆ ಕೊಟ್ಟಂತಾಗುವುದಿಲ್ಲವೇ? ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ಅವರು ನೆನಪಿಸಿದರು. ಗಂಡ ಮಾರಯ್ಯ ದಿನದ ದಾಸೋಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸಿದವಳು ಆಕೆ. ದಾಸೋಹದ ಅಕ್ಕಿಗೇ ಅಷ್ಟು ನಿಷ್ಠುರ ಲೆಕ್ಕವಿದ್ದರೆ ದಾರಿಯ ನೆರಳಿಗೂ ಇರಬೇಕು. ಈ ತಕರಾರನ್ನು ನಾನು ಗೌರವಿಸುತ್ತೇನೆ. ಆದರೆ ಲಕ್ಕಮ್ಮ ತಿರಸ್ಕರಿಸಿದ್ದು ಆಸೆಯಿಂದ ತಂದದ್ದನ್ನು. ಕಿತ್ತುಕೊಂಡದ್ದರಲ್ಲಿ ಒಂದು ಪಾಲನ್ನು ಕಾನೂನಿನ ಮೂಲಕ ವಾಪಸು ಪಡೆಯುವುದು ಬೇರೆ ಮಾತು. ಬೇಡವೆಂದು ಬಿಟ್ಟರೆ ಆ ಹಣ ಲೆಕ್ಕದಲ್ಲೇ ಮಲಗುತ್ತದೆ, ಗುಡ್ಡವಂತೂ ಮರಳುವುದಿಲ್ಲ. ತೆಗೆದುಕೊಳ್ಳೋಣ, ಅದನ್ನು ದಾನವೆಂದು ಕರೆಯುವುದು ಬೇಡ. ಕೊಟ್ಟವರಿಗೆ ಹಾರ ಹಾಕುವುದೂ ಬೇಡ.

ಇಷ್ಟರಲ್ಲಿ ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಇದಕ್ಕಿಂತ ಮುಖ್ಯ. ಅದನ್ನು ನಾನು ಕಲಿತದ್ದು ಶಾಸನಗಳಿಂದ.

ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವನ್ನು 1905ರಲ್ಲಿ ಹೊರತಂದರು. ಅದು ಪೂರ್ತಿ ಕೋಲಾರ ಜಿಲ್ಲೆಯದು. ದತ್ತಿ ಜಮೀನಿನ ತಕರಾರು ಬಂದಾಗಲೆಲ್ಲ ಅದನ್ನು ತಿರುವಿ ಹಾಕುವುದು ನನಗೆ ಅಭ್ಯಾಸವಾಗಿತ್ತು. ಹತ್ತನೆಯ ಶತಮಾನದಲ್ಲಿ ಆವಣಿಯ ಸ್ಥಾನವನ್ನು ನಡೆಸಿದ ತ್ರಿಭುವನಕರ್ತ ಎಂಬ ತಪಸ್ವಿ ನಲವತ್ತು ವರ್ಷ ಅಲ್ಲಿದ್ದು, ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದರೆಂದು ಒಂದು ಶಾಸನ ಸಾರುತ್ತದೆ. ಕೆರೆ ಕಟ್ಟಿಸಿ ಹೊರಟುಹೋದವರಲ್ಲ ಅವರು, ನಲವತ್ತು ವರ್ಷ ಜೊತೆಗೇ ಇದ್ದವರು. ಕರ್ನಾಟಕದ ಕೆರೆ ಶಾಸನಗಳನ್ನು ಓದುತ್ತಾ ಹೋದರೆ ಇದೇ ಮತ್ತೆ ಮತ್ತೆ ಕಾಣುತ್ತದೆ. ಏರಿಗೆ ಮಣ್ಣು ಹಾಕಲು, ಹೂಳು ತೆಗೆಯಲು ಬಂಡಿ, ಅದನ್ನು ಎಳೆಯುವ ಕೋಣ, ಹೊಡೆಯುವ ಆಳು, ಇಷ್ಟೆಲ್ಲದರ ಖರ್ಚಿಗೆ ಇಂತಿಷ್ಟು ಗದ್ದೆ. ಕೊನೆಯಲ್ಲಿ ಶಾಪದ ಸಾಲುಗಳ ಪಕ್ಕದಲ್ಲೇ ಒಂದು ಮಾತು ಬರುತ್ತದೆ. ತಾನು ಕೊಟ್ಟ ದಾನಕ್ಕಿಂತ ಮತ್ತೊಬ್ಬರು ಕೊಟ್ಟದ್ದನ್ನು ಕಾಪಾಡಿದರೆ ಇಮ್ಮಡಿ ಪುಣ್ಯ ಎಂಬರ್ಥದ್ದು. ನಾಡಿನ ನೂರಾರು ಕಲ್ಲುಗಳಲ್ಲಿ ಕೊರೆದಿರುವುದರಿಂದ ಅದನ್ನು ಮಾಮೂಲಿ ಒಕ್ಕಣೆಯೆಂದು ಹಾರಿಸಿ ಓದುತ್ತೇವೆ. ನನಗೀಗ ಶಾಸನದ ತಿರುಳೇ ಅದು ಅನಿಸುತ್ತದೆ. ಅದನ್ನು ಬರೆಸಿದವರಿಗೆ ತಾವು ಸಾಯುತ್ತೇವೆಂದು, ಮಕ್ಕಳು ಮರೆಯುತ್ತಾರೆಂದು ಗೊತ್ತಿತ್ತು. ಆದ್ದರಿಂದ ಪುಣ್ಯದ ದೊಡ್ಡ ಪಾಲನ್ನು ಮುಂದೆ ಬರುವ, ತಾವು ಕಾಣದ ಜನಕ್ಕೆ ಮೀಸಲಿಟ್ಟರು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಕಾಲದ ಅನುದಾನಗಳ ದೋಷ ಮೊತ್ತದಲ್ಲಿಲ್ಲ. ಅವು ಹೆಚ್ಚಾಗಿ ಮಾಡುವುದಕ್ಕೆ ಕೊಡುತ್ತವೆ, ಬಹುಕಾಲ ಕಾಯುವುದಕ್ಕೆ ಕೊಡುವುದಿಲ್ಲ. ನರೇಗಾದಲ್ಲಿ ಗುಂಡಿ ತೋಡಿಸಿ ಗಿಡ ನೆಡಿಸಿದ್ದನ್ನು ನಾನು ಕಂಡಿದ್ದೇನೆ. ಮಾರನೇ ಬೇಸಿಗೆಗೆ ಮುಳ್ಳುಬೇಲಿ ಮಾತ್ರ ನಿಂತಿರುತ್ತದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್ ಹೆಸರಿನಲ್ಲಿ ಸಮಾಜಕ್ಕೆ ಖರ್ಚು ಮಾಡಬೇಕು. ಪರಿಸರ, ಪರಂಪರೆ ಎರಡೂ ಅದರ ಪಟ್ಟಿಯಲ್ಲಿವೆ. ಆದರೆ 2021ರ ನಿಯಮದಂತೆ ಮುಂದುವರಿಯುವ ಕಾಮಗಾರಿಗೂ ಶುರುವಾದ ವರ್ಷ ಬಿಟ್ಟು ಮೂರೇ ವರ್ಷ ಗಡುವು. ಹುಣಸೆ ಫಸಲು ಕೊಡುವ ವೇಳೆಗೆ ಆ ಕಡತ ಮುಚ್ಚಿ ಎಷ್ಟೋ ಕಾಲವಾಗಿರುತ್ತದೆ. ಬಡ್ಡಿಯಲ್ಲಿ ಮರ ಕಾಯಿರಿ ಎಂದು ಇಡುಗಂಟು ಕೊಟ್ಟರೆ ಅದು ಈಗ ಸಿಎಸ್‌ಆರ್ ಲೆಕ್ಕಕ್ಕೇ ಬರುವುದಿಲ್ಲ. ದುರುಪಯೋಗ ತಡೆಯಲು ಮಾಡಿದ ನಿಯಮವಿರಬಹುದು. ಹಿಂದಿನವರು ದಾನವೆಂದು ಯಾವುದನ್ನು ಕರೆಯುತ್ತಿದ್ದರೋ ಅದರ ಬಾಗಿಲೇ ಇದರಿಂದ ಮುಚ್ಚಿತು.

ಅಮೆರಿಕದಲ್ಲಿ ಚೆಲುವಾದ ದಾರಿಗಳನ್ನು ಗುರುತಿಸಿ ನೆರವಾಗುವ ಕಾರ್ಯಕ್ರಮವನ್ನು 1991ರಲ್ಲಿ ಕಾನೂನು ಮಾಡಿಯೇ ತಂದರು. ನೂರರಲ್ಲಿ ಎಂಬತ್ತು ಕೇಂದ್ರದ್ದು, ಇಪ್ಪತ್ತು ಸ್ಥಳೀಯರದ್ದು. ರಾಷ್ಟ್ರಮಟ್ಟದ ಮಾನ್ಯತೆ ಬೇಕಾದರೆ ದಾರಿಯನ್ನು ಮುಂದೆ ಯಾರು, ಹೇಗೆ ನೋಡಿಕೊಳ್ಳುತ್ತಾರೆಂಬ ಯೋಜನೆಯನ್ನು ಊರವರೇ ಬರೆದು ಕೊಡಬೇಕು. 2012ರಲ್ಲಿ ಅದಕ್ಕೆ ಮೀಸಲಿದ್ದ ಹಣ ನಿಂತಿತು, ಹೊಸ ಕಾನೂನು ಬರಲು 2019ರ ತನಕ ಕಾಯಬೇಕಾಯಿತು. ನಡುವಿನ ಆ ವರ್ಷಗಳಲ್ಲಿ ದಾರಿಗಳಿಗೆ ಆಸರೆಯಾಗಿದ್ದದ್ದು ಊರವರ ಹೊಣೆಯೇ. ಇಪ್ಪತ್ತರ ಆ ಪಾಲು ನನಗೆ ಎಂಬತ್ತಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿ ಕಾಯುವ ಹಣ ಎಲ್ಲಿ ಹೋಯಿತು ಎಂಬುದು ನನ್ನ ರಿಜಿಸ್ಟರುಗಳಲ್ಲೇ ಇತ್ತು. ದೇವಸ್ಥಾನಕ್ಕೆ, ಛತ್ರಕ್ಕೆ, ಅರವಟ್ಟಿಗೆಗೆ ಬಿಟ್ಟ ಇನಾಂ ಭೂಮಿಗಳಿದ್ದವು. 1954ರ ಕಾಯ್ದೆ ವೈಯಕ್ತಿಕ ಮತ್ತು ಇತರೆ ಇನಾಂಗಳನ್ನೂ, 1955ರ ಕಾಯ್ದೆ ಧಾರ್ಮಿಕ ಮತ್ತು ಧರ್ಮಾದಾಯ ಇನಾಂಗಳನ್ನೂ ರದ್ದು ಮಾಡಿದವು. ಉಳುವವನಿಗೆ ನೆಲ ಸಿಕ್ಕಿತು. ಅದು ನ್ಯಾಯ, ಅದನ್ನು ಹಿಂದಕ್ಕೆ ತಿರುಗಿಸಬೇಕೆಂದು ನಾನು ಎಂದೂ ಬಯಸುವುದಿಲ್ಲ. ದೇವರ ಪಾಲಿಗೆ ಬದಲಾಗಿ ತಸ್ತೀಕು ಬಂತು, ವರ್ಷಕ್ಕಿಷ್ಟು ಎಂದು ದೀಪಕ್ಕೆ, ನೈವೇದ್ಯಕ್ಕೆ. ದಾರಿಯ ನೆರಳಿಗೆ, ನೀರಿಗೆ ಬದಲಿಯೆಂದು ಒಂದು ಬಾಬ್ತು ನಾನು ನೋಡಿದ ಯಾವ ಪುಟದಲ್ಲೂ ಇರಲಿಲ್ಲ. ದಾರಿಹೋಕನ ಪರವಾಗಿ ಅರ್ಜಿ ಹಾಕಲು ಯಾರಿದ್ದರು?

ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಹುಲಿಕಲ್ಲಿನಿಂದ ಕುದೂರಿನವರೆಗೆ ನಾಲ್ಕು ಕಿಲೋಮೀಟರು ಅವರೂ ಅವರ ಯಜಮಾನರೂ ಆಲದ ಸಾಲು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಎಲ್ಲರೂ ಹೇಳುವುದು ಅವರು ಮರ ನೆಟ್ಟರೆಂದು. ನೆಡುವುದು ಒಂದು ಬೆಳಗಿನ ಕೆಲಸ. ಕೂಲಿ ಮುಗಿಸಿ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದ್ದು ವರ್ಷಗಳ ಕೆಲಸ. ಪದ್ಮಶ್ರೀ ಬಂದ ವರ್ಷವೇ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲಗೊಳಿಸುವ ಕಾಮಗಾರಿ ಆ ಮರಗಳ ಬುಡಕ್ಕೆ ಬಂದಾಗ, ಶತಾಯುಷಿ ಅಜ್ಜಿ ತಾವೇ ಮುಖ್ಯಮಂತ್ರಿಗಳ ಬಳಿ ಹೋಗಿ ಉಳಿಸಿಕೊಡಿ ಎಂದು ಕೇಳಿದರು. ಆ ಕೇಳುವಿಕೆ ನೀರೆರೆದದ್ದರ ಮುಂದುವರಿಕೆ. ಕಾಯುವವರು ಕೈಯೊಡ್ಡಿ ಕೇಳುವುದರಲ್ಲಿ ಕುಂದು ಏನೂ ಇಲ್ಲ.

ಆದ್ದರಿಂದ ನಮ್ಮ ಅರ್ಜಿಯನ್ನು ಎರಡು ಭಾಗ ಮಾಡಿದ್ದೇವೆ. ಗುಂಡಿ, ಗಿಡ, ಕಟ್ಟೆ, ಶೌಚಾಲಯ, ಕಲ್ಲು ಇವಕ್ಕೆ ಹೆದ್ದಾರಿಯ ಪಾಲು, ಖನಿಜದ ಪಾಲು, ಕಂಪನಿಗಳ ಪಾಲು ಕೇಳುತ್ತೇವೆ. ಆವಣಿಯ ರಾಮಲಿಂಗೇಶ್ವರ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಸುತ್ತಲಿನ 100 ಮೀಟರಿನೊಳಗೆ ಏನೂ ಕಟ್ಟಿಸುವಂತಿಲ್ಲ. ಅಲ್ಲಿ ಕಟ್ಟೆ ದೂರಕ್ಕೇ ಬರುತ್ತದೆ. ಎರಡನೆಯ ಭಾಗ, ಅಂದರೆ ಕಾಯುವುದು, ನಮ್ಮದೇ. ದೇವಸ್ಥಾನಗಳಲ್ಲಿ ಶಾಶ್ವತ ಸೇವೆ ಎಂಬ ಪದ್ಧತಿ ಇದೆಯಲ್ಲ, ತಂದೆ ತಾಯಿಯ ಹೆಸರಲ್ಲಿ ಒಂದು ಮೊತ್ತ ಠೇವಣಿ ಇಟ್ಟು ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಪೂಜೆ ಮಾಡಿಸುವುದು, ಅದನ್ನೇ ಮರಕ್ಕೆ ಮಾಡೋಣವೆಂದು ಮಹಿಳಾ ಸಂಘದವರು ಹೇಳಿದರು. ಬಡ್ಡಿ ಬೇಸಿಗೆಯ ಟ್ಯಾಂಕರ್ ನೀರಿಗೆ, ನೀರು ಹಾಕುವವರ ಕೂಲಿಗೆ. ಉಳಿದಿರುವ ಹಳೆಯ ಹುಣಸೆ ಮರಗಳ ಫಸಲನ್ನು ಹರಾಜು ಹಾಕಿದಾಗ ಬರುವ ಹಣದಲ್ಲಿ ಒಂದು ಪಾಲನ್ನು ಎಳೆಯ ಗಿಡಗಳಿಗೆ ತಿರುಗಿಸಿಕೊಡಿ ಎಂದು ಪಂಚಾಯತಿಗಳಿಗೂ ಬರೆದಿದ್ದೇವೆ. ಹಳೆಯ ಮರ ಹೊಸ ಮರವನ್ನು ಸಾಕಲಿ. ಇನಾಂ ಗದ್ದೆ ಮಾಡುತ್ತಿದ್ದ ಕೆಲಸ ಇದೇ ಆಗಿತ್ತು.

ಬೋರ್ಡಿನ ವಿಚಾರದಲ್ಲಿ ಮಾತ್ರ ನಮ್ಮೊಳಗೇ ಜೋರು ಚರ್ಚೆಯಾಯಿತು. ಹೆಸರೇ ಬೇಡ ಎಂದವರು ಮೇಷ್ಟ್ರು. ಹೆಸರಿಲ್ಲದಿದ್ದರೆ ಯಾರೂ ಕೊಡುವುದಿಲ್ಲ ಎಂದವರು ಮಾವಿನ ತೋಪಿನ ಗೌಡರು. ಶಾಸನಗಳಲ್ಲಿ ಹೆಸರಿದೆಯಲ್ಲ ಎಂದರು. ಇದೆ, ಅದರ ಜೊತೆಗೆ ಎಲ್ಲೆ, ಸಾಕ್ಷಿಗಳು, ನಡೆಸಬೇಕಾದವರೂ ಇದ್ದಾರೆ. ಆ ಹೆಸರು ಮೆರೆಯುವುದಕ್ಕಿಂತ ಹೊಣೆಗೆ ಸಿಗುವುದಕ್ಕೆ ಹೆಚ್ಚು ಬರುತ್ತಿತ್ತು ಎಂಬುದು ನನ್ನ ಎಣಿಕೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದಾನಿಗಳ ಹೆಸರು ಲೆಕ್ಕದ ಪುಸ್ತಕದಲ್ಲಿರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ದಾರಿಯ ಬೋರ್ಡಿನಲ್ಲಿ ಈ ವರ್ಷ ಈ ಸಾಲಿಗೆ ನೀರು ಹಾಕುವವರ ಹೆಸರು ಇರುತ್ತದೆ. ಬಣ್ಣದಲ್ಲಿ ಬರೆದು ಪ್ರತಿ ಯುಗಾದಿಗೆ ಅಳಿಸಿ ಹೊಸದಾಗಿ ಬರೆಯುವುದು. ಮೊದಲ ಸಾಲಿಗೆ ಇಬ್ಬರು ಹೆಂಗಸರು ಒಪ್ಪಿದ್ದಾರೆ. ಕೂಲಿ ಎಷ್ಟು, ವಾರಕ್ಕೆ ಎಷ್ಟು ಸರ್ತಿ ನೀರು, ಟ್ಯಾಂಕರ್ ಬಾರದ ದಿನ ಏನು ಮಾಡುವುದು ಎಂದು ಅವರು ಕೇಳಿದ್ದಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಕೊಡಬೇಕು.